ಆರ್ಚ್ ಲಿನಕ್ಸ್ ಅಪ್‌ಡೇಟ್: ಕರೆಂಟ್ ನೋಡಿಕೊಂಡು ಮಾಡಿ

ಆರ್ಚ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡ ಗೆಳೆಯರು ನನಗೆ ಫೋನ್ ಮಾಡುವುದು ಹೆಚ್ಚಾಗಿ ಸೋಮವಾರ ಬೆಳಗ್ಗೆ. ಒಂಬತ್ತೂವರೆಗೆ ಮೀಟಿಂಗ್ ಇರುತ್ತದೆ, ಒಂಬತ್ತಕ್ಕೆ ಅಪ್‌ಡೇಟ್ ಕೊಟ್ಟಿರುತ್ತಾರೆ. ಹಾಗಾಗಿ ಮೊದಲ ಮಾತು ಇದೇ: ಕೆಲಸ ಇರುವ ದಿನ ಅಪ್‌ಡೇಟ್ ಮುಟ್ಟಬೇಡಿ. ನಾನು ಶನಿವಾರ ಮಧ್ಯಾಹ್ನ ಊಟ ಆದ ಮೇಲೆ ಕೂರುತ್ತೇನೆ. ಏನಾದರೂ ಕೆಟ್ಟರೆ ಭಾನುವಾರ ಕೈಯಲ್ಲಿರುತ್ತದೆ.

ಉಬುಂಟು 24.04 ಅಂತ ಇದ್ದ ಹಾಗೆ ಆರ್ಚ್‌ಗೆ ವರ್ಷನ್ ಇಲ್ಲ. ಪ್ಯಾಕೇಜ್, ಅಂದರೆ ಒಂದೊಂದು ಪ್ರೋಗ್ರಾಮಿನ ಕಟ್ಟು, ಸಿದ್ಧವಾದ ಹಾಗೆ ಬರುತ್ತಲೇ ಇರುತ್ತದೆ. ಹಾಗಂತ ದಿನಾ ಹಾಕಬೇಕಿಲ್ಲ, ವಾರಕ್ಕೊಮ್ಮೆ ಸಾಕು. ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ಬೇರೆ ತಕರಾರು ಶುರು. ಪ್ಯಾಕೇಜ್ ಅಸಲಿ ಅಂತ ಡಿಜಿಟಲ್ ಸಹಿ ಹಾಕುವವರ ಕೀ ಬದಲಾಗಿರುತ್ತದೆ, ನಿಮ್ಮ ಹತ್ತಿರ ಹಳೆಯದೇ ಇರುತ್ತದೆ, ಪ್ಯಾಕೇಜ್ ಹಾಕುವ, ತೆಗೆಯುವ ಪ್ಯಾಕ್‌ಮ್ಯಾನ್ ಅನ್ನುವ ಟೂಲ್ ಒಪ್ಪುವುದಿಲ್ಲ. ಆಗ ಆರ್ಚ್‌ಲಿನಕ್ಸ್-ಕೀರಿಂಗ್ ಅನ್ನುವ ಪ್ಯಾಕೇಜನ್ನು ಮೊದಲು ಹಾಕಿ, ಕೂಡಲೇ ಉಳಿದದ್ದನ್ನೆಲ್ಲ ಅಪ್‌ಡೇಟ್ ಮಾಡಿ. ಸಹಿ ನೋಡುವುದನ್ನೇ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಅಪ್‌ಡೇಟ್ ಕಮಾಂಡನ್ನು ಫೋನಿನಲ್ಲಿ ಹೇಳುವ ಹಾಗೆಯೇ ಹೇಳುತ್ತೇನೆ: ಪ್ಯಾಕ್‌ಮ್ಯಾನ್ ಮುಂದೆ ದೊಡ್ಡ ಎಸ್, ಸಣ್ಣ ವೈ, ಸಣ್ಣ ಯು (pacman -Syu). ಯಾವಾಗಲೂ ಮೂರೂ ಒಟ್ಟಿಗೆ. ಬರೀ ಎಸ್-ವೈ ಕೊಟ್ಟು ಸುಮ್ನೆ ಒಂದು ಸಣ್ಣ ಪ್ರೋಗ್ರಾಂ ಹಾಕಿಕೊಳ್ಳುತ್ತೇನೆ ಅಂತ ಹೋದರೆ ಅದರ ಜೊತೆ ಹೊಸ ಲೈಬ್ರರಿಯೂ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲು) ಬಂದು ಕೂರುತ್ತದೆ. ಹಳೆಯ ಲೈಬ್ರರಿಯನ್ನೇ ನಂಬಿಕೊಂಡಿದ್ದ ಉಳಿದ ಪ್ರೋಗ್ರಾಂಗಳು ತೆರೆಯುವುದೇ ಇಲ್ಲ. ಈ ಅರ್ಧಂಬರ್ಧ ಅಪ್‌ಡೇಟಿಗೆ ಆರ್ಚ್ ಬೆಂಬಲವೇ ಇಲ್ಲ. ನನಗೆ ಬರುವ ಫೋನ್‌ಗಳಲ್ಲಿ ಇದೇ ಜಾಸ್ತಿ.

ಎಂಟರ್ ಒತ್ತುವ ಮೊದಲು ಆರ್ಚ್‌ನ ವೆಬ್‌ಸೈಟಿನ ಮುಖಪುಟದ ಸುದ್ದಿ ಓದಿ. ವರ್ಷಕ್ಕೆ ಬೆರಳೆಣಿಕೆಯಷ್ಟು ಬರುತ್ತದೆ, ಬಂದರೆ ಕಾರಣ ಇರುತ್ತದೆ. 2025ರ ಜೂನ್‌ನಲ್ಲಿ ವೈಫೈ, ಗ್ರಾಫಿಕ್ಸ್‌ನಂಥ ಹಾರ್ಡ್‌ವೇರ್‌ಗೆ ಬೇಕಾದ ಫೈಲುಗಳಿರುವ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು ಕಂಪನಿವಾರು ಒಡೆದು ಹಲವು ಪ್ಯಾಕೇಜ್ ಮಾಡಿದರು. ಅಪ್‌ಡೇಟ್ ಕೊಟ್ಟವರಿಗೆ ಎನ್‌ವಿಡಿಯಾ ಫೋಲ್ಡರಿನ ಫೈಲುಗಳು ‘ಮೊದಲೇ ಇವೆ’ ಅಂತ ಎರರ್ ಬಂತು. ಅಂಥ ಎರರ್ ಕಂಡ ಕೂಡಲೇ ಮೇಲಿಂದ ಮೇಲೆ ಬರೆದುಬಿಡು ಅಂತ ಓವರ್‌ರೈಟ್ ಕೊಡಲು ಕೈ ತುರಿಸುತ್ತದೆ, ಅಲ್ವಾ? ಸುದ್ದಿಯಲ್ಲಿದ್ದ ಪರಿಹಾರವೇ ಬೇರೆ. ಹಳೆಯ ಪ್ಯಾಕೇಜನ್ನು ಡಿಪೆಂಡೆನ್ಸಿ (ಅದನ್ನು ನಂಬಿಕೊಂಡ ಬೇರೆ ಪ್ಯಾಕೇಜ್) ನೋಡದೆ ತೆಗೆಯಿರಿ, ಆಮೇಲೆ ಅಪ್‌ಡೇಟ್ ಜೊತೆಗೇ ಅದನ್ನು ಮತ್ತೆ ಹಾಕಿ. ಎರಡೇ ಸಾಲು. ಓದಿದವರಿಗೆ ಐದು ನಿಮಿಷದ ಕೆಲಸ.

ಇನ್ನು ಕರೆಂಟ್. ನಾನಿರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿತ್ತು ಅಂದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಕೇಳುವುದೇ ತಪ್ಪು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿಯೂ ಹಳತು. ಅದಕ್ಕೆ ಡೌನ್‌ಲೋಡ್ ಬೇರೆ, ಇನ್‌ಸ್ಟಾಲ್ ಬೇರೆ ಮಾಡುತ್ತೇನೆ. ಪ್ಯಾಕ್‌ಮ್ಯಾನ್-ಕಾಂಟ್ರಿಬ್ ಹಾಕಿಕೊಂಡರೆ ಚೆಕ್‌ಅಪ್‌ಡೇಟ್ಸ್ ಅನ್ನುವ ಕಮಾಂಡ್ ಸಿಗುತ್ತದೆ. ಅದಕ್ಕೆ ಸಣ್ಣ ಡಿ ಸೇರಿಸಿದರೆ ಎಲ್ಲವನ್ನೂ ಕ್ಯಾಶೆಗೆ, ಅಂದರೆ ಇಳಿಸಿದ ಪ್ಯಾಕೇಜ್ ಇಡುವ ಫೋಲ್ಡರಿಗೆ, ಇಳಿಸಿಟ್ಟು ಸುಮ್ಮನಾಗುತ್ತದೆ. ಅದು ಬೇರೆಯೇ ಒಂದು ತಾತ್ಕಾಲಿಕ ಪಟ್ಟಿ ನೋಡುವುದರಿಂದ ಪ್ಯಾಕ್‌ಮ್ಯಾನ್‌ನ ಅಸಲಿ ಪಟ್ಟಿ ಹಾಗೇ ಉಳಿಯುತ್ತದೆ. ಮೇಲೆ ಹೇಳಿದ ಅರ್ಧಂಬರ್ಧದ ಭಯವಿಲ್ಲ. ಹಿಂದಿನ ರಾತ್ರಿ ನೆಟ್ ಚೆನ್ನಾಗಿರುವಾಗ ಇಳಿಸಿಡಿ, ಮರುದಿನ ಕರೆಂಟೂ ಇದೆ, ಬ್ಯಾಟರಿಯೂ ತುಂಬಿದೆ ಅಂದಾಗ ಇನ್‌ಸ್ಟಾಲ್ ಕೊಡಿ.

ಅಷ್ಟಾದರೂ ಮಧ್ಯೆ ಕರೆಂಟ್ ಹೋಗಿ ಸಿಸ್ಟಂ ಏಳದಿದ್ದರೆ ಲೈವ್ ಪೆನ್‌ಡ್ರೈವಿಂದ (ಇನ್‌ಸ್ಟಾಲ್ ಮಾಡದೆಯೇ ಆರ್ಚ್ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ. ನಿಮ್ಮ ಪಾರ್ಟಿಷನ್‌ಗಳನ್ನು, ಬೂಟ್ ಪಾರ್ಟಿಷನ್ ಸಮೇತ, ಮೌಂಟ್ ಮಾಡಿ ಆರ್ಚ್-ಕ್ರೂಟ್ ಅನ್ನುವ ಕಮಾಂಡ್ ಮೂಲಕ ನಿಮ್ಮ ಕೆಟ್ಟ ಸಿಸ್ಟಮಿನ ಒಳಗೆ ಹೋಗಿ. ಪ್ಯಾಕ್‌ಮ್ಯಾನ್ ಬಿಟ್ಟುಹೋದ ಲಾಕ್ ಫೈಲ್ ಅಳಿಸಿ. ಪ್ಯಾಕ್‌ಮ್ಯಾನ್‌ನ ಲಾಗ್ ತೆರೆದು ಕೊನೆಯ ಅಪ್‌ಡೇಟಿನಲ್ಲಿ ಯಾವ ಪ್ಯಾಕೇಜ್ ಇದ್ದವು ನೋಡಿ, ಅವನ್ನೆಲ್ಲ ಮತ್ತೆ ಇನ್‌ಸ್ಟಾಲ್ ಮಾಡಿ. ಕೆಲವು ಫೈಲು ಸೊನ್ನೆ ಬೈಟ್ ಆಗಿ ಉಳಿದಿರುತ್ತವೆ. ಪಟ್ಟಿಯಲ್ಲಿ ಹೊಸ ವರ್ಷನ್ ಇದೆ ಅಂತ ಅವನ್ನು ಹಾಗೇ ಬಿಡಬೇಡಿ.

ಕರ್ನಲ್, ಅಂದರೆ ಸಿಸ್ಟಮಿನ ತಿರುಳು, ಅಪ್‌ಡೇಟ್ ಆದರೆ ರೀಬೂಟ್ ಮಾಡಿಯೇ ಏಳಿ. ಮಾಡದಿದ್ದರೆ ಏನಾಗುತ್ತದೆ? ಓಡುತ್ತಿರುವುದು ಹಳೆಯ ಕರ್ನಲ್, ಆದರೆ ಅದರ ಮಾಡ್ಯೂಲ್‌ಗಳ (ಬೇಕಾದಾಗ ಸೇರಿಸಿಕೊಳ್ಳುವ ಡ್ರೈವರ್‌ಗಳ) ಫೋಲ್ಡರ್ ಆಗಲೇ ಅಳಿಸಿಹೋಗಿರುತ್ತದೆ. ಸಂಜೆ ಯಾರೋ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್ ತಂದು ಚುಚ್ಚುತ್ತಾರೆ. ಇದು ಯಾವ ಫೈಲ್‌ಸಿಸ್ಟಮೋ ಗೊತ್ತಿಲ್ಲ ಅನ್ನುತ್ತದೆ ಸಿಸ್ಟಂ. ಪೆನ್‌ಡ್ರೈವಿಗೆ ಏನೂ ಆಗಿರುವುದಿಲ್ಲ. ಫಾರ್ಮ್ಯಾಟ್ ಮಾಡಿಬಿಟ್ಟೀರಿ ಮತ್ತೆ, ಮೊದಲು ರೀಬೂಟ್ ಮಾಡಿ ನೋಡಿ.

ಮಾಮೂಲಿ ಕರ್ನಲ್ ಜೊತೆಗೆ ಹೆಚ್ಚು ಕಾಲ ಬೆಂಬಲ ಸಿಗುವ ಲಿನಕ್ಸ್-ಎಲ್‌ಟಿಎಸ್ ಕರ್ನಲ್ ಕೂಡ ಹಾಕಿಟ್ಟುಕೊಳ್ಳಿ. ಹೊಸ ಕರ್ನಲ್‌ನಲ್ಲಿ ವೈಫೈಯೋ ಸೌಂಡೋ ಸತ್ತರೆ ಬೂಟ್ ಮೆನುವಿನಲ್ಲಿ ಎಲ್‌ಟಿಎಸ್ ಆರಿಸಿಕೊಂಡು ಕೆಲಸ ಮುಂದುವರಿಸಬಹುದು. ಬೇರೆ ಪ್ಯಾಕೇಜ್ ಕೆಟ್ಟರೆ ಹಳೆಯದು ಕ್ಯಾಶೆಯಲ್ಲೇ ಇರುತ್ತದೆ. ಪ್ಯಾಕ್‌ಮ್ಯಾನ್‌ಗೆ ದೊಡ್ಡ ಯು ಕೊಟ್ಟು ಅದನ್ನೇ ಹಾಕಿ. ಡಿಸ್ಕ್ ತುಂಬಿತು ಅಂತ ಕ್ಯಾಶೆಯನ್ನು ಪೂರ್ತಿ ಗುಡಿಸಬೇಡಿ. ಪ್ಯಾಕ್‌ಕ್ಯಾಶೆ ಕಮಾಂಡ್ ಪ್ರತಿಯೊಂದರ 3 ವರ್ಷನ್ ಉಳಿಸಿ ಮಿಕ್ಕಿದ್ದನ್ನು ತೆಗೆಯುತ್ತದೆ, ಅಷ್ಟು ಸಾಕು.

ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮಿನ ಸ್ನ್ಯಾಪ್‌ಶಾಟ್ (ಹಿಂದಕ್ಕೆ ಹೋಗಲು ಇಟ್ಟ ಹಳೆಯ ಸ್ಥಿತಿಯ ಪ್ರತಿ) ಇದೆ, ನನಗೇನು ಭಯ ಅನ್ನುವವರೂ ಇದ್ದಾರೆ. ನಾನೂ ಇಟ್ಟುಕೊಂಡಿದ್ದೇನೆ, ಒಳ್ಳೆಯದೇ. ಆದರೆ ನಿಮ್ಮ ಬೂಟ್ ಪಾರ್ಟಿಷನ್ ಬೇರೆ ಇದ್ದರೆ ಸ್ನ್ಯಾಪ್‌ಶಾಟ್‌ನಲ್ಲಿ ಅದು ಇರುವುದಿಲ್ಲ. ಹಿಂದಕ್ಕೆ ಹೋದಾಗ ಮಾಡ್ಯೂಲ್ ಹಳೆಯದು, ಕರ್ನಲ್ ಹೊಸದು. ಎರಡಕ್ಕೂ ತಾಳಮೇಳ ಇರುವುದಿಲ್ಲ. ಕ್ರೂಟ್ ಮಾಡಿ ಕರ್ನಲ್ ಪ್ಯಾಕೇಜನ್ನು ಮತ್ತೊಮ್ಮೆ ಹಾಕಬೇಕಾಗುತ್ತದೆ.

ಬಳಕೆದಾರರೇ ಪ್ಯಾಕೇಜ್ ಕಟ್ಟುವ ವಿಧಾನ ಹಂಚಿಕೊಳ್ಳುವ ಎಯುಆರ್‌ನಿಂದ ಹಾಕಿಕೊಂಡಿದ್ದು ಮುರಿದರೆ ಆರ್ಚ್‌ನವರನ್ನು ಬೈಯಬೇಡಿ. ಅದು ನಿಮ್ಮ ಮನೆಯಲ್ಲೇ ಬಿಲ್ಡ್ ಆದ ಸರಕು. ಪೈಥಾನ್ 3.12 ಹೋಗಿ 3.13 ಬಂದಾಗ ಹಳೆಯ ಫೋಲ್ಡರಿನಲ್ಲಿ ಕೂತಿದ್ದ ಎಯುಆರ್ ಪ್ಯಾಕೇಜನ್ನು ಹೊಸ ಪೈಥಾನ್ ನೋಡುವುದಿಲ್ಲ. ಮತ್ತೆ ಬಿಲ್ಡ್ ಮಾಡಿದರೆ ಸರಿಹೋಗುತ್ತದೆ. 2024ರಲ್ಲಿ ಪ್ಯಾಕ್‌ಮ್ಯಾನ್ 7 ಬಂದಾಗ ಎಯುಆರ್ ಪ್ಯಾಕೇಜ್ ಹಾಕುವ ಯಾಯ್ ಅನ್ನುವ ಟೂಲ್ ಕೂಡ ಇದೇ ಥರ ನಿಂತಿತ್ತು. ಎಯುಆರ್ ಅಪ್‌ಡೇಟ್ ಮಾಡುವ ಟೂಲೇ ತೆರೆಯಲಿಲ್ಲ ಅಂದರೆ ಪ್ಯಾಕೇಜ್ ಕಟ್ಟುವ ಮೇಕ್‌ಪಿಕೆಜಿ ಕಮಾಂಡ್ ಬಳಸಿ ಅದನ್ನೇ ಮೊದಲು ಕೈಯಾರೆ ಕಟ್ಟಿಕೊಳ್ಳಿ.

ಇಷ್ಟೆಲ್ಲ ಯಾರಿಗೆ ಬೇಕು ಅನ್ನಿಸಿದರೆ, ಬೇಡ ಬಿಡಿ. ಅಪ್ಪನ ಲ್ಯಾಪ್‌ಟಾಪಿಗೆ ನಾನು ಹಾಕಿಕೊಟ್ಟಿರುವುದು ನಿಧಾನಕ್ಕೆ ಬದಲಾಗುವ ಇನ್ನೊಂದು ಲಿನಕ್ಸ್, ಡೆಬಿಯನ್. ಅಡಿಕೆ ರೇಟು ನೋಡಲು ಈ ವಾರದ ಕರ್ನಲ್ ಯಾಕೆ?

ರೀಬೂಟ್ ಆದ ಮೇಲೆ ವೈಫೈ, ಸೌಂಡ್, ಕ್ಯಾಮೆರಾ ನೋಡಿ. ಕನ್ನಡ ಟೈಪಿಂಗ್ ಕೂಡ ನೋಡಿ. ಕನ್ನಡ ಟೈಪ್ ಮಾಡಿಸುವ ಐಬಸ್‌ನಲ್ಲಿ ಒಂದು ಒತ್ತಕ್ಷರ, ಒಂದು ಅರ್ಕಾವತ್ತು ಬರೆದರೆ ಗೊತ್ತಾಗುತ್ತದೆ. ಸೆಟ್ಟಿಂಗ್ ಫೈಲುಗಳ ಪಕ್ಕ ಪ್ಯಾಕ್‌ನ್ಯೂ ಅಂತ ಹೊಸ ಫೈಲು ಬಂದಿದ್ದರೆ ಪ್ಯಾಕ್‌ಡಿಫ್ ಹಾಕಿ ಹೋಲಿಸಿ.

ವೈಫೈ ಎದ್ದಿಲ್ಲ ಅಂದರೆ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಚುಚ್ಚಿ ಟೆದರಿಂಗ್ ಆನ್ ಮಾಡಿ. ಲೈವ್ ಪೆನ್‌ಡ್ರೈವಿಂದ ಬೂಟ್ ಆದಾಗಲೂ ಸಾಮಾನ್ಯವಾಗಿ ಇದು ನಡೆಯುತ್ತದೆ. ಆ ಪೆನ್‌ಡ್ರೈವನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇಡಿ. ಅದಕ್ಕೆ ಬರೆಯುವ ಐಎಸ್‌ಒ ಫೈಲು ಪ್ರತಿ ತಿಂಗಳು ಹೊಸದಾಗಿ ಬರುತ್ತದೆ, ಮಳೆಗಾಲ ಶುರುವಾಗುವ ಮೊದಲು ಒಮ್ಮೆ ಬದಲಾಯಿಸಿಕೊಳ್ಳಿ.