ನಿಮ್ಮ ಇಂಗ್ಲಿಷ್‌ನಲ್ಲಿ ಧಾರವಾಡ ಎಷ್ಟಿರಲಿ?

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಮಹಡಿ ಮೇಲಿನ ಕೋಣೆ. ಸಂಜೆ ಅಲ್ಲಿ ನಾನು ಇಂಗ್ಲಿಷ್ ಮಾತಾಡೋದನ್ನು ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಮೊದಲ ದಿನ ಹೇಳೋದು ಒಂದೇ ಮಾತು: "ಮೇಡಂ, ನಮ್ಮ ಆ್ಯಕ್ಸೆಂಟ್ ಹೋಗಬೇಕ್ರಿ." ಹೋಗಿ ಎಲ್ಲಿರಬೇಕು ಅಂತ ಕೇಳಿದರೆ ನಗುತ್ತಾರೆ.

ನಾನೂ ಒಂದು ಕಾಲಕ್ಕೆ ಇದನ್ನೇ ಕೇಳಿದವಳು. ಗದಗ ಹತ್ತಿರದ ಹಳ್ಳಿಯಿಂದ ಬೆಂಗಳೂರಿನ ಒಂದು ಕಾಲ್ ಸೆಂಟರ್‌ಗೆ ಹೋಗಿದ್ದೆ. ಬ್ರಿಟನ್ನಿನ ಗ್ರಾಹಕರ ಜೊತೆ ಮಾತಾಡುವ ಕೆಲಸ. ಟ್ರೇನಿಂಗ್ ಕೊಡುವವರು ಮೊದಲ ವಾರವೇ ನನ್ನ "ಯೆಸ್ ರೀ"ಯನ್ನು ಇಡೀ ಬ್ಯಾಚಿನ ಮುಂದೆ ಅಣಕಿಸಿ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ನನಗೆ "ರೀ ಮೇಡಂ" ಅಂತ ಹೆಸರು ಬಿದ್ದಿತ್ತು. ಹಟ ಹಿಡಿದು ಮೂರು ತಿಂಗಳು ಬಿಬಿಸಿ ಸುದ್ದಿ ಕೇಳಿ ನಾಲಿಗೆ ತಿರುಚಿಕೊಂಡೆ. ಕೊನೆಗೆ ಲೈನಿನಲ್ಲಿ ಬಂದ ಮೊದಲ ಗಿರಾಕಿ ಸ್ಕಾಟ್ಲೆಂಡಿನ ಗ್ಲಾಸ್ಗೋದವರು. ಅವರ ಮಾತಿನಲ್ಲಿ ನನಗೆ ಗೊತ್ತಾದದ್ದು "ಊಟ್" ಒಂದೇ. ಊಟಕ್ಕೆ ಕೂತಿದ್ದಾರೇನೋ ಅಂದುಕೊಂಡೆ! "ಔಟ್" ಅನ್ನೋದನ್ನು ಆ ಕಡೆಯ ಎಷ್ಟೋ ಜನ ಹಾಗೆ ಹೇಳುತ್ತಾರೆ. ಮನೆಯಲ್ಲಿ ಇರಲಿಲ್ಲ, ಹೊರಗೆ ಹೋಗಿದ್ದೆ ಅಂತ ಪಾಪ ಅವರು ಹೇಳುತ್ತಿದ್ದರು.

ಹಾಗಾಗಿ ಬಾಯಿಗಿಂತ ಮೊದಲು ಕಿವಿಯನ್ನು ತಿದ್ದಿ. ಬಿಬಿಸಿ ಇಂಗ್ಲಿಷ್ ಅಂತ ನಾವು ಕರೆಯುವುದಕ್ಕೆ ಬ್ರಿಟನ್ನಿನವರು ರಿಸೀವ್ಡ್ ಪ್ರೊನನ್ಸಿಯೇಷನ್ ಅನ್ನುತ್ತಾರೆ. ಡೇನಿಯಲ್ ಜೋನ್ಸ್ 1917ರಲ್ಲಿ ಉಚ್ಚಾರಣೆಯ ನಿಘಂಟು ಮಾಡಿದಾಗ ಆಧಾರಕ್ಕೆ ಹಿಡಿದದ್ದು ಉಳ್ಳವರ ಮಕ್ಕಳು ಓದುವ ಬೋರ್ಡಿಂಗ್ ಶಾಲೆಗಳ ಮಾತನ್ನು. (ಇತ್ತ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾದದ್ದೂ ಅದೇ ವರ್ಷ.) ಹಾಗೆ ಮಾತಾಡುವವರು ಅಲ್ಲೇ ತೀರಾ ಕಮ್ಮಿ. ನಿಮಗೆ ಫೋನ್ ಮಾಡುವವರು ಬೇರೆಯವರು.

ಹದಿನೈದು ದಿನಕ್ಕೆ ಒಂದು ಊರಿನ ಮಾತು ಅಂತ ಇಟ್ಟುಕೊಳ್ಳಿ. ಯೂಟ್ಯೂಬಿನಲ್ಲಿ ಆ ಊರಿನ ಫುಟ್ಬಾಲ್ ಅಭಿಮಾನಿಗಳು ಮಾತಾಡಿದ್ದು ಸಿಗುತ್ತದೆ. ಸೋತ ಮ್ಯಾಚಿನದ್ದೇ ಹುಡುಕಿ. ಸಿಟ್ಟಿನಲ್ಲಿ ಯಾರೂ ನಾಜೂಕು ಮಾಡುವುದಿಲ್ಲ. ಹತ್ತು ನಿಮಿಷ ಸಾಕು, ಚಿಗರಿ ಬಸ್ಸಿನಲ್ಲಿ ಕೂತೇ ಕೇಳಬಹುದು. ಮೊದಲು ಹಾಗೇ ಕೇಳಿ, ಎರಡನೇ ಸಲ ಕೆಳಗೆ ಅಕ್ಷರ (ಸಬ್‌ಟೈಟಲ್) ಹಾಕಿಕೊಂಡು ಕೇಳಿ.

ಉತ್ತರ ಇಂಗ್ಲೆಂಡಿನಲ್ಲಿ "ಬಸ್" ಹೆಚ್ಚುಕಡಿಮೆ "ಬುಸ್" ಆಗುತ್ತದೆ, "ಕಪ್" "ಕುಪ್" ಆಗುತ್ತದೆ. ಸ್ನಾನಕ್ಕೆ ಲಂಡನ್ ಕಡೆಯವರು ವಾಂಗಿಬಾತಿನ "ಬಾತ್" ಅಂದರೆ, ಉತ್ತರದವರು "ಬ್ಯಾತ್" ಅನ್ನುತ್ತಾರೆ. ಲಿವರ್‌ಪೂಲಿನವರ ಬಾಯಲ್ಲಿ "ಬ್ಯಾಕ್"ನ ಕೊನೆಯ ಕ ಗಂಟಲಲ್ಲಿ ಉಜ್ಜುತ್ತದೆ. ಹಳೇ ಹುಬ್ಬಳ್ಳಿಯ ನನ್ನ ಗೆಳತಿ ಉರ್ದುವಿನಲ್ಲಿ "ಖಬರ್" ಅನ್ನುವಾಗ ಬರುವ ಖ ಇದೆಯಲ್ಲ, ಹತ್ತಿರಹತ್ತಿರ ಅದೇ. ಲಂಡನ್ನಿನ ಕಾಕ್ನಿ ಮಾತಿನಲ್ಲಿ "ಥಿಂಕ್" ಹೋಗಿ "ಫಿಂಕ್" ಆಗುತ್ತದೆ, "ಹೌಸ್" ಹೋಗಿ "ಔಸ್" ಆಗುತ್ತದೆ.

ಈ ಕೊನೆಯದು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಮಂಡ್ಯ ಕಡೆಯ ಹಳ್ಳಿಗಳಲ್ಲಿ ಹಾಲು "ಆಲು" ಆಗುತ್ತದೆ, ಹಾಸಿಗೆ "ಆಸಿಗೆ" ಆಗುತ್ತದೆ. ಅಲ್ಲೂ ಹಕಾರ ಬಿಟ್ಟವರನ್ನು ಮೇಷ್ಟ್ರು ಗದರುತ್ತಾರೆ, ಇಲ್ಲೂ ಗದರುತ್ತಾರೆ. ಇದು ಹೊಳೆದ ದಿನ ನನಗೆ ಅರ್ಧ ಹೆದರಿಕೆ ಹೋಯಿತು.

ಈಗ ಬಾಯಿ. ಮೊಬೈಲಿನಲ್ಲಿ ಒಂದು ನಿಮಿಷ ನಿಮ್ಮ ಕೆಲಸದ ಬಗ್ಗೆ ಇಂಗ್ಲಿಷ್‌ನಲ್ಲಿ ಮಾತಾಡಿ ರೆಕಾರ್ಡ್ ಮಾಡಿ. ಓದಬೇಡಿ, ಮಾತಾಡಿ. ಆಗಲೇ ಕೇಳಬೇಡಿ, ಮರುದಿನ ಕೇಳಿ. ಮೊದಲ ಸಲ ನಾಚಿಕೆ ಆಗುತ್ತದೆ, ಅದು ಎಲ್ಲರಿಗೂ ಆಗುವಂಥದ್ದು. ಆಮೇಲೆ ಅದನ್ನು ಬೇರೆ ರಾಜ್ಯದ ಯಾರಿಗಾದರೂ ಕಳಿಸಿ, ಯಾವ ಪದ ತಿಳಿಯಲಿಲ್ಲ ಅಂತ ಮಾತ್ರ ಕೇಳಿ. ಹೇಗಿದೆ ಅಂತ ಕೇಳಬೇಡಿ. ಅವರು ತಿಳಿಯಲಿಲ್ಲ ಅಂದ ಪದಗಳಷ್ಟೇ ನಿಮ್ಮ ಪಾಠ.

ನನ್ನ ಕ್ಲಾಸಿನಲ್ಲಿ ಪದೇಪದೇ ಸಿಕ್ಕಿಬೀಳುವುದು ಒತ್ತು. ನಾವು ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಸರಿಯಾಗಿ ಪಾಲು ಹಂಚುತ್ತೇವೆ. ಇಂಗ್ಲಿಷ್‌ನಲ್ಲಿ ಒಂದು ಕಡೆ ಗುದ್ದಿ ಉಳಿದದ್ದನ್ನು ನುಂಗುತ್ತಾರೆ. "ಡೆವೆಲಪ್"ನಲ್ಲಿ ಗುದ್ದು "ವೆ" ಮೇಲೆ, "ಹೋಟೆಲ್"ನಲ್ಲಿ "ಟೆ" ಮೇಲೆ. ಒಂದು ರಬ್ಬರ್ ಬ್ಯಾಂಡನ್ನು ಎರಡು ಹೆಬ್ಬೆರಳಿಗೆ ಹಾಕಿಕೊಂಡು, ಗುದ್ದು ಬೀಳುವ ಕಡೆ ಎಳೆಯಿರಿ, ಉಳಿದ ಕಡೆ ಸಡಿಲ ಬಿಡಿ. ನೋಡಿದವರು ನಗಲಿ. "ಫಿಫ್ಟೀನ್"ಗೆ ಕೊನೆಯಲ್ಲಿ ಎಳೆಯಬೇಕು, "ಫಿಫ್ಟಿ"ಗೆ ಮೊದಲಲ್ಲಿ. ರೇಟು ಹೇಳುವಾಗ ಇದು ತಪ್ಪಿದರೆ ದುಡ್ಡೇ ಹೋಗುತ್ತದೆ.

ಇನ್ನೊಂದು, ನಮ್ಮ ವ. "ವೆಸ್ಟ್" ಅಂದರೆ ಪಶ್ಚಿಮವೋ ಬನಿಯನ್ನೋ? ಪಶ್ಚಿಮಕ್ಕೆ ಸೀಟಿ ಹೊಡೆಯುವವರ ಹಾಗೆ ತುಟಿ ಗುಂಡಗೆ ಮಾಡಿ. ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ. ಕನ್ನಡಿ ಮುಂದೆ ವಾರ ಮಾಡಿದರೆ ಬಂದುಬಿಡುತ್ತದೆ. ಸ್ಪೆಲ್ಲಿಂಗ್ ಹೇಳುವಾಗ "ಯೆಮ್, ಯೆನ್" ಅಂತ ಓಡಬೇಡಿ. "ಎಮ್ ಫಾರ್ ಮೈಕ್, ಎನ್ ಫಾರ್ ನವೆಂಬರ್" ಅನ್ನಿ. ಅವರಿಗೆ ಫೋನಿನಲ್ಲಿ ಇದು ರೂಢಿ.

ಉಳಿದದ್ದನ್ನು ಬಿಟ್ಟುಬಿಡಿ. ನಾವು "ಕಾರ್"ನ ಕೊನೆಯ ರ ಗಟ್ಟಿಯಾಗಿ ಹೇಳುತ್ತೇವೆ ಅಂತ ನನ್ನನ್ನು ತಿದ್ದಿದ್ದರು. ಸ್ಕಾಟ್ಲೆಂಡಿನವರೂ ಹೇಳುತ್ತಾರೆ, ಅಮೆರಿಕದ ಹೆಚ್ಚಿನವರೂ ಹೇಳುತ್ತಾರೆ. ಇನ್ನು "ಕ್ಯಾಟ್", "ಬ್ಯಾಟ್"ಗಳ ಸ್ವರ ನಮಗೆ ಮನೆಯಲ್ಲೇ ಸಿಕ್ಕಿದೆ: ಬ್ಯಾಡ, ಮ್ಯಾಲೆ, ಪ್ಯಾಟಿ, ಬ್ಯಾಸಿಗಿ. ಇದನ್ನೇ ಹಳ್ಳಿ ಮಾತು ಅಂತ ನಮ್ಮವರು ಮಕ್ಕಳ ಬಾಯಿಂದ ಬಿಡಿಸುತ್ತಾರೆ!

ತಮ್ಮ ಮಾತಿನ ಬಗ್ಗೆ ಮುಜುಗರ ನಮಗಷ್ಟೇ ಇಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಗ್ರ್ಯಾಂಥಮ್ ಎಂಬ ಊರಿನ ಕಿರಾಣಿ ಅಂಗಡಿಯವರ ಮಗಳು. ಪಾಠ ಹೇಳಿಸಿಕೊಂಡು ಊರ ಮಾತು ಬಿಟ್ಟವರು. ಆದರೂ 1983ರಲ್ಲಿ ಪಾರ್ಲಿಮೆಂಟಿನಲ್ಲಿ ಎದುರಿನವರನ್ನು ಕೆಣಕುವಾಗ "ಫ್ರಿಟ್" ಅಂದುಬಿಟ್ಟರು. ಹೆದರಿದವರಿಗೆ ಅವರ ಲಿಂಕನ್‌ಶೈರಿನ ಕಡೆ ಅನ್ನುವ ಮಾತು ಅದು. ಅಷ್ಟು ವರ್ಷದ ಪಾಠ ಒಂದು ಸಿಟ್ಟಿಗೆ ಹಾರಿಹೋಯಿತು. ಅದಕ್ಕೂ ಮುಂಚೆ, ಎರಡನೇ ಮಹಾಯುದ್ಧದ ಕಾಲದಲ್ಲಿ, ಯಾರ್ಕ್‌ಶೈರಿನ ವಿಲ್‌ಫ್ರೆಡ್ ಪಿಕಲ್ಸ್ ಬಿಬಿಸಿಯಲ್ಲಿ ಸುದ್ದಿ ಓದಿ, ತಮ್ಮ ಉತ್ತರದವರಿಗೆ "ಗುಡ್ ನೈಟ್" ಬದಲು "ಗುಡ್ ನೀಟ್" ಅಂದು ಮುಗಿಸುತ್ತಿದ್ದರು. ಎಷ್ಟೋ ಕೇಳುಗರಿಗೆ ಅದು ಹಿಡಿಸಲಿಲ್ಲ. ಆಕಾಶವಾಣಿ ವಾರ್ತೆಯ ಕೊನೆಗೆ ಯಾರಾದರೂ "ಬರ್ತೀನ್ರೀ" ಅಂದರೆ ಹೇಗಿರುತ್ತದೆ, ಹಾಗೆ. ನನಗಂತೂ ಇಷ್ಟ.

"ರೀ" ಬಗ್ಗೆ ಕೊನೆಗೆ ಹೇಳೋಣ ಅಂತ ಇಟ್ಟುಕೊಂಡಿದ್ದೆ. ಕಳೆದ ವರ್ಷ ಬ್ಯಾಡಗಿಯಿಂದ ಮೆಣಸಿನಕಾಯಿ ವ್ಯಾಪಾರದ ಮನೆಯ ಹುಡುಗ ಒಬ್ಬ ಬಂದ. ಬರ್ಮಿಂಗ್‌ಹ್ಯಾಮಿನ ಗಿರಾಕಿ ಜೊತೆ ಅವನೇ ಫೋನಿನಲ್ಲಿ ಮಾತಾಡಬೇಕು. ಬ್ರಿಟನ್ನಿನಲ್ಲಿ ಜಾಸ್ತಿ ನಗೆಗೆ ಗುರಿಯಾಗುವ ಮಾತುಗಳಲ್ಲಿ ಆ ಊರಿನದ್ದೂ ಒಂದು, ಅವರೂ ಹಿಂಜರಿಯುತ್ತಾರೆ ಅಂತ ಹೇಳಿ ಕಳಿಸಿದ್ದೆ. ಎರಡು ತಿಂಗಳು ವ, ಒತ್ತು, ರೇಟು ಇಷ್ಟೇ ಮಾಡಿದ್ದು. ಮೊದಲ ಕಾಲ್ ಆದಮೇಲೆ ನನಗೆ ಫೋನ್ ಮಾಡಿದ.

"ಮೇಡಂ, ಮಾತು ಎಲ್ಲಾ ಬರೋಬ್ಬರಿ ಆತ್ರಿ. ಆ ಮನಷ್ಯಾನ ಮೊದ್ಲು, ನನ್ನ ಮಾತು ತಿಳೀತಾವಿಲ್ಲೋ ಅಂತ ನನ್ನ ಕೇಳಿದಾರ್ರಿ. ಆದ್ರ ಕಡೀಕ ಯಾರೋ ತಾರಾ ಅನ್ನಾಕಿ ಹೆಸರು ಹೇಳಿ ಫೋನ್ ಇಟ್ರು. ಯಾರ್ರಿ ಆಕಿ?"

"ತಾರಾ ಅ ಬಿಟ್" ಅಂದರೆ ಬರ್ಮಿಂಗ್‌ಹ್ಯಾಮಿನಲ್ಲಿ "ಬರ್ತೀನಿ, ಮತ್ತೆ ಸಿಗೋಣ" ಅಂತ. ಅದಕ್ಕೆ ನೀನೇನಂದಿ ಅಂತ ಕೇಳಿದೆ.

"ಓಕೆ ರೀ ಅಂದ್ನಿರಿ."