ಫೋನಿನಲ್ಲಿ ಛಂದಸ್ಸು ಕಲಿಸಿದ್ದು

2020ರ ಸೆಪ್ಟೆಂಬರ್ 1ರಿಂದ, ಕೊರೊನಾದಿಂದ ಮುಚ್ಚಿದ್ದ ರಾಜ್ಯದ ಡಿಗ್ರಿ ಕಾಲೇಜುಗಳಲ್ಲಿ ಆನ್‌ಲೈನ್ ತರಗತಿ ಶುರುವಾಯಿತು. ನನ್ನ ಪಾಲಿಗೆ ಬಂದದ್ದು ಬಿಎ ಕೊನೆಯ ವರ್ಷದ ಐಚ್ಛಿಕ ಕನ್ನಡ, ಅದರಲ್ಲೂ ಛಂದಸ್ಸು, ಅಂದರೆ ಪದ್ಯದ ಲಯದ ಲೆಕ್ಕ. ತರಗತಿಯಲ್ಲಿ 34 ಮಂದಿ. ಹೆಚ್ಚಿನವರು ಸಾಗರ, ಹೊಸನಗರ ಕಡೆಯ ಒಳಹಳ್ಳಿಗಳವರು.

ಮೊದಲ ದಿನ ಗೂಗಲ್ ಮೀಟ್‌ಗೆ 19 ಮಂದಿ ಬಂದರು. ಪರದೆ ತುಂಬ ಬಣ್ಣದ ವೃತ್ತಗಳು, ಒಳಗೆ ಒಂದೊಂದು ಅಕ್ಷರ. ಕವಿರಾಜಮಾರ್ಗದ 'ಕಾವೇರಿಯಿಂದಮಾ ಗೋದಾವರಿ' ಪದ್ಯ ಓದಿದೆ. ಎಲ್ಲರೂ ಒಮ್ಮೆಯಾದರೂ ಕೇಳಿರುವ ಪದ್ಯ, ಅಲ್ವಾ? ಕಂದ ಎಂಬ ನಾಲ್ಕು ಸಾಲಿನ ಪದ್ಯಜಾತಿಯನ್ನು ಅದರಿಂದಲೇ ಶುರು ಮಾಡೋಣ ಅಂದುಕೊಂಡಿದ್ದೆ. ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು ಒಂದು ಮಾತ್ರೆ. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. "ಮೊದಲ ಸಾಲಿನಲ್ಲಿ ಎಷ್ಟು ಗುರು?" ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಬ್ಬಳು ಬರೆದಳು: "ಸರ್, ವಾಯ್ಸ್ ಕಟ್ ಆಗ್ತಿದೆ. ಕಾವೇರಿ ನಮಗೆ 'ಕವೆರಿ' ಅಂತ ಕೇಳ್ತು."

ಅವತ್ತು ರಾತ್ರಿಯೆಲ್ಲ ಅದೇ ಮಾತು ತಲೆಯಲ್ಲಿತ್ತು. ಬೇರೆ ಪಾಠದಲ್ಲಿ ಧ್ವನಿ ಒಂದಿಷ್ಟು ತುಂಡಾದರೆ ಮಕ್ಕಳು ಊಹಿಸಿಕೊಳ್ಳುತ್ತಾರೆ. ಛಂದಸ್ಸಿನಲ್ಲಿ ಹಾಗಲ್ಲ. ದೀರ್ಘಕ್ಕೆ ಎರಡು ಮಾತ್ರೆ. ಅದರಲ್ಲಿ ಒಂದನ್ನು ನೆಟ್‌ವರ್ಕ್ ನುಂಗಿತು ಅಂದರೆ ಗುರು ಹೋಗಿ ಲಘು ಆಗುತ್ತದೆ. ನಾನು ಕಲಿಸಬೇಕಾದದ್ದೇ ದಾರಿಯಲ್ಲಿ ಕಳೆದುಹೋಗುತ್ತಿತ್ತು.

ಹಾಗಾಗಿ ಪದ್ಯ ಓದುವುದನ್ನು ಮೀಟ್‌ನಿಂದ ತೆಗೆದೆ. ಧ್ವನಿ ಮುದ್ರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸತೊಡಗಿದೆ. ಒಮ್ಮೆ ಡೌನ್‌ಲೋಡ್ ಆದರೆ ಅದಕ್ಕೆ ಸಿಗ್ನಲ್ ಬೇಡ. ಗುಡ್ಡ ಹತ್ತಿ ಇಳಿಸಿಕೊಂಡು, ಮನೆಗೆ ಹೋಗಿ ಹತ್ತು ಸಲ ಕೇಳಬಹುದು. ಮೊದಲನೆಯದು 22 ನಿಮಿಷ ಇತ್ತು. ಪೂರ್ತಿ ಕೇಳಿದವರು ಇಬ್ಬರೇ. ಆಮೇಲೆ ಐದು ನಿಮಿಷಕ್ಕೆ ಇಳಿಸಿದೆ. ಒಂದು ಪದ್ಯ, ಒಂದು ವಿಷಯ, ಅಷ್ಟೇ. ನಮ್ಮದು ಹಂಚಿನ ಮನೆ, ಮಳೆ ಬಂದರೆ ಬೇರೇನೂ ಕೇಳಿಸದು. ಬೆಳಗಿನ ಜಾವ ಮಳೆ ಬಿಟ್ಟಾಗ ಎದ್ದು, ಬಟ್ಟೆಯ ಬೀರು ತೆರೆದು, ಅದರ ಮುಂದೆ ಕೂತು ಮುದ್ರಿಸುತ್ತಿದ್ದೆ. ಬಟ್ಟೆ ರಾಶಿಯ ಮುಂದೆ ಧ್ವನಿ ಮಾರ್ದನಿಸುವುದಿಲ್ಲ.

ಪದ್ಯವನ್ನು ಮೂರು ಸಲ ಓದುತ್ತಿದ್ದೆ. ಒಮ್ಮೆ ಸಹಜವಾಗಿ, ಒಮ್ಮೆ ನಿಧಾನವಾಗಿ, ಕೊನೆಗೆ ಸ್ಟೀಲ್ ಲೋಟದ ಮೇಲೆ ಬೆರಳಿನಿಂದ ಮಾತ್ರೆಗೊಂದರಂತೆ ತಟ್ಟುತ್ತ. ಗಣದ, ಅಂದರೆ ಮಾತ್ರೆಗಳ ಒಂದೊಂದು ಗುಂಪಿನ, ಮೊದಲ ತಟ್ಟು ಮಾತ್ರ ಜೋರು. ಕಂದದಲ್ಲಿ ಒಂದು ಮತ್ತು ಮೂರನೇ ಸಾಲಿಗೆ ನಾಲ್ಕು ಮಾತ್ರೆಯ 3 ಗಣ, ಎರಡು ಮತ್ತು ನಾಲ್ಕನೇ ಸಾಲಿಗೆ 5 ಗಣ. ಒಟ್ಟು 64 ಮಾತ್ರೆ. ಬೋರ್ಡಿನ ಮೇಲೆ ಇದನ್ನೇ ವರ್ಷಗಟ್ಟಲೆ ಬರೆದಿದ್ದೆ. ಲೋಟದ ಮೇಲೆ ತಟ್ಟಿದಾಗ ಇನ್ನೊಂದು ವಿಷಯ ಕಿವಿಗೇ ಸಿಕ್ಕಿತು. 12ನೇ ತಟ್ಟು ಬೀಳುವುದು 'ಗೋ' ಮುಗಿಯುವಲ್ಲಿ. ಸಾಲು ಅಲ್ಲಿಗೆ ಮುಗಿಯುತ್ತದೆ, ಪದ ಮುಗಿಯುವುದಿಲ್ಲ. 'ದಾವರಿ' ಮುಂದಿನ ಸಾಲಿಗೆ ಹರಿಯುತ್ತದೆ.

ಪ್ರಸ್ತಾರ ಹಾಕುವುದು ಬೇರೆ ಕಷ್ಟ. ಫೋನಿನ ಕೀಬೋರ್ಡಿನಲ್ಲಿ ಅಕ್ಷರದ ನೆತ್ತಿಯ ಮೇಲೆ ಗುರುತು ಹಾಕಲು ಬರುವುದಿಲ್ಲ. ಲೆಕ್ಕದ ಚೌಕದ ಪುಸ್ತಕ ತೆಗೆದುಕೊಂಡೆ. ಚೌಕಕ್ಕೊಂದು ಅಕ್ಷರ, ಮೇಲಿನ ಚೌಕದಲ್ಲಿ ಗುರು ಅಥವಾ ಲಘು. ಪುಟಕ್ಕೆ ಎರಡೇ ಸಾಲು, ಕಪ್ಪು ಸ್ಕೆಚ್ ಪೆನ್ನಿನಲ್ಲಿ. ಸಣ್ಣದಾಗಿ ಬರೆದರೆ ಫೋಟೊದಲ್ಲಿ ಒತ್ತು, ದೀರ್ಘ ಎರಡೂ ಮಸುಕಾಗುತ್ತವೆ.

ಮೀಟ್ ಅನ್ನು ವಾರಕ್ಕೆರಡು ಸಲ, 25 ನಿಮಿಷಕ್ಕೆ ಇಳಿಸಿದೆ. ಬರೀ ಪ್ರಶ್ನೆಗೆ. ಬದಲಿಗೆ ಪ್ರತಿಯೊಬ್ಬರೂ ತಾವೇ ಓದಿ ಧ್ವನಿ ಕಳಿಸಬೇಕು ಅಂದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಇದು. ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತಿದ್ದ ಹುಡುಗ ಎಷ್ಟು ಚೆಂದ ಓದಿದ! ಅವನ ಮುದ್ರಣದ ಹಿಂದೆ ಅಡಿಕೆ ಸುಲಿಯುವ ಸದ್ದು ಇತ್ತು. 'ಗೋ' ಹತ್ತಿರ ಅವನು ಉಸಿರು ತೆಗೆದುಕೊಂಡ ಕೂಡಲೇ ಅಜ್ಜಿಯ ದನಿ ಕೇಳಿಸಿತು: "ಅಲ್ಲಿ ನಿಲ್ಲಿಸ್ಬೇಡ್ವೋ ತಮ್ಮಾ, ಹೊಳೆ ಹೆಸರು ಮುರೀತದೆ." ಆ ಅಜ್ಜಿಗೆ ಜೈಮಿನಿ ಭಾರತದ ಪದ್ಯಗಳು ಬಾಯಿಪಾಠ ಅಂತ ಆಮೇಲೆ ತಿಳಿಯಿತು. ಅವರ ಮಾತಿನ ಸಮೇತ ಆ ಮುದ್ರಣವನ್ನು, ಅವನ ಒಪ್ಪಿಗೆ ಕೇಳಿ, ಇಡೀ ಗುಂಪಿಗೆ ಕಳಿಸಿದೆ.

ಪ್ರತಿಯೊಂದಕ್ಕೂ ನಾನು ಧ್ವನಿಯಲ್ಲೇ ಉತ್ತರ ಕೊಡುತ್ತಿದ್ದೆ. "ಚೆನ್ನಾಗಿದೆ" ಅಂತ ಸುಮ್ನೆ ಹೇಳಿದರೆ ಪ್ರಯೋಜನ ಇಲ್ಲ. "ಎರಡನೇ ಸಾಲಿನ 'ನಾಡದಾ' ಇನ್ನೂ ಎಳೆಯಬೇಕು" ಅನ್ನಬೇಕು. ಬಂದದ್ದನ್ನೆಲ್ಲ ಒಂದೇ ದಿನ ಕೇಳಲು ಹೋಗಿ ಮೊದಲ ವಾರವೇ ಸುಸ್ತಾದೆ. ಆಮೇಲೆ ದಿನಕ್ಕೆ ಆರು ಮಂದಿ ಅಂತ ಸರದಿ ಮಾಡಿದೆ. ಪರೀಕ್ಷೆಯೂ ಹಾಗೇ. ಓದದ ಪದ್ಯ ಒಂದು ಕೊಟ್ಟು, ತಟ್ಟುತ್ತ ಓದಿ ಗಣ ಹೇಳಿ ಅಂದೆ. ಬರೆದ ಉತ್ತರವನ್ನು ಇನ್ನೊಬ್ಬರಿಂದ ತರಬಹುದು, ಓದಬೇಕಾದದ್ದು ಅವರವರ ಬಾಯಲ್ಲೇ.

ಇಷ್ಟಾದರೂ ಎಲ್ಲರನ್ನೂ ಮುಟ್ಟಲಿಲ್ಲ. ಮೂವರ ಮನೆಯಲ್ಲಿ ಇದ್ದದ್ದು ಕೀಪ್ಯಾಡ್ ಫೋನ್. ಅವರಿಗೆ ರಾತ್ರಿ ಎಂಟರ ಮೇಲೆ ಕರೆ ಮಾಡಿ ಹತ್ತು ಹತ್ತು ನಿಮಿಷ ಪಾಠ ಹೇಳಿದೆ. ನಿಜ ಹೇಳಬೇಕೆಂದರೆ ಮೀಟ್‌ಗಿಂತ ಅದೇ ಸ್ಪಷ್ಟವಾಗಿ ಕೇಳುತ್ತಿತ್ತು. ಇಬ್ಬರು ಕಲಿತರು. ಮೂರನೆಯವಳ ಫೋನ್ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು, ಹೆಚ್ಚಿನ ದಿನ ಸಿಗುತ್ತಲೇ ಇರಲಿಲ್ಲ. ನವೆಂಬರ್ 17ಕ್ಕೆ ಕಾಲೇಜು ತೆರೆದಾಗ ನಾನು ಮೊದಲು ಹುಡುಕಿದ್ದು ಅವಳನ್ನು. ಬಂದಿದ್ದಳು. ಅವತ್ತೇ ಸಂಜೆ ಸ್ಟಾಫ್ ರೂಮಿನಲ್ಲಿ ಕೂತು, ಮೇಜಿನ ಮೇಲೆ ತಟ್ಟುತ್ತ, 'ಕಾವೇರಿ'ಯಿಂದ ಶುರು ಮಾಡಿದೆವು.