ಐದು ಕೋರ್ಸು, ಒಂದು ಜೀಪು, ಒಂದೇ ಮನೆ

ಬೇರೆ ಬೇರೆ ಕೋರ್ಸಿನ ವಿದ್ಯಾರ್ಥಿಗಳಿಗೆ ಸಾವಿನಂಚಿನ ಆರೈಕೆಯನ್ನು ಒಟ್ಟಿಗೇ ಕಲಿಸುತ್ತೇನೆ ಎಂದಾಗ ಯಾರೂ ಸುಲಭಕ್ಕೆ ಒಪ್ಪಲಿಲ್ಲ. ‘ನರ್ಸ್ ಹೇಳಿದರೆ ಎಂಬಿಬಿಎಸ್ ಹುಡುಗರು ಕೇಳುತ್ತಾರೆಯೇ ಸಿಸ್ಟರ್?’ ಎಂದು ಪ್ರಾಧ್ಯಾಪಕರೊಬ್ಬರು ಮುಖಕ್ಕೇ ಕೇಳಿದ್ದರು. ಈಗ ಪ್ರತಿ ವರ್ಷ ಅವರೇ ತಂಡ ಕಳುಹಿಸುತ್ತಾರೆ.

2008ರಲ್ಲಿ ಕೇರಳ ಸರ್ಕಾರ ಪಾಲಿಯೇಟಿವ್ (ವಾಸಿಯಾಗದ ರೋಗಿಗಳ ನೋವು ತಗ್ಗಿಸುವ ಆರೈಕೆಯ) ನೀತಿ ತಂದ ಮೇಲೆ ಪಂಚಾಯತಿಗಳ ಹೋಂ ಕೇರ್, ಅಂದರೆ ಮನೆಗೇ ಹೋಗಿ ಮಾಡುವ ಆರೈಕೆ, ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ ಕಡೆಯ ಒಳದಾರಿಗಳಿಗೂ ಬಂತು. ಹೀಗಿದ್ದರೂ ಮೊದಲ ವರ್ಷ ಎಲ್ಲರ ಸಲಹೆಯಂತೆ ಕಾಸರಗೋಡಿನಲ್ಲಿ ಸಭಾಂಗಣ ಹಿಡಿದು ಉಪನ್ಯಾಸ ಇಟ್ಟೆವು. ಬಾಡಿಗೆ, ಊಟ, ಅತಿಥಿಗಳ ಪ್ರಯಾಣ ಸೇರಿ 40,000 ರೂಪಾಯಿಯ ಹತ್ತಿರ ಹೋಯಿತು. ಊಟದ ಹೊತ್ತಿಗೆ ನೋಡಿದರೆ ವೈದ್ಯಕೀಯದವರು ಒಂದು ಮೇಜು, ನರ್ಸಿಂಗ್‌ನವರು ಇನ್ನೊಂದು, ಫಾರ್ಮಸಿಯವರು ಮೂಲೆಯಲ್ಲಿ. ಹಣ ನೀರುಪಾಲಾಯಿತು ಎಂದು ಅಲ್ಲೇ ಗೊತ್ತಾಯಿತು.

ಮರುವರ್ಷ ತಾಳಮದ್ದಳೆಯ ಅರ್ಥಧಾರಿಯೊಬ್ಬರನ್ನು, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ಕಲಾವಿದರನ್ನು, ಕರೆಸಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಮಾತಿಗೆ ಬರವೇ? ಅವರು ರೋಗಿಯ ಹಿರಿಯ ಮಗನಾಗಿ ಕುಳಿತು, ‘ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಕೂಡದು’ ಎಂದು ವಾದಕ್ಕಿಳಿದರು. ವಾದ ಎಷ್ಟು ಸೊಗಸಾಗಿತ್ತೆಂದರೆ ವಿದ್ಯಾರ್ಥಿಗಳೆಲ್ಲ ಪ್ರೇಕ್ಷಕರಾಗಿಬಿಟ್ಟರು. ಮುಂದಿನ ಸಲ ‘ಒಮ್ಮೆಗೆ ಮೂರು ಮಾತಿಗಿಂತ ಹೆಚ್ಚು ಆಡಬಾರದು’ ಎಂದು ಕೇಳಿಕೊಂಡೆ. ಆಮೇಲೆ ಅದು ಬಲು ಚೆನ್ನಾಗಿ ನಡೆಯಿತು, ಈಗಲೂ ನಡೆಯುತ್ತಿದೆ. ಅವರ ಸಂಭಾವನೆ 2,000 ರೂಪಾಯಿ.

ಆದರೆ ನಿಜವಾಗಿ ಫಲ ಕೊಟ್ಟದ್ದು ಜೀಪು. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಸಮಾಜಕಾರ್ಯ, ಹೀಗೆ ಕೋರ್ಸಿಗೆ ಒಬ್ಬರಂತೆ ಐವರು. ಅವರಿಗೆ ರೋಗಿಯೊಬ್ಬರ ಒಂದೇ ಮನೆ, ವಾರಕ್ಕೊಮ್ಮೆ ಭೇಟಿ, ಕೊನೆಯವರೆಗೂ. ಬೊಜ್ಜ (ಉತ್ತರಕ್ರಿಯೆ) ಕಳೆದ ಮೇಲೆ ಇನ್ನೊಮ್ಮೆ ಹೋಗಲೇಬೇಕು. ಐವರಿಗೂ ಸೇರಿ ಒಂದೇ ನೋಟ್‌ಪುಸ್ತಕ. ಹೊರಬಂದು ಅಂಗಳದಲ್ಲಿ ಮಾತಾಡುವಾಗ ವೈದ್ಯಕೀಯದವರ ಸರದಿ ಕೊನೆಗೆ. ಈ ನಿಯಮಕ್ಕೆ ಬಂದಷ್ಟು ವಿರೋಧ ಬೇರೆ ಯಾವುದಕ್ಕೂ ಬರಲಿಲ್ಲ. ನಾನು ಬಿಟ್ಟುಕೊಡಲಿಲ್ಲ.

ಅದರ ಬೆಲೆ ತಿಳಿದದ್ದು ಪೆರ್ಲದ ಆಚೆಗಿನ ಒಂದು ಮನೆಯಲ್ಲಿ. ಬಾಯಿ ಕ್ಯಾನ್ಸರಿನ ಅಜ್ಜ. ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟಿದ್ದರೂ ರಾತ್ರಿಯಿಡೀ ನರಳುತ್ತಿದ್ದರು. ಡೋಸ್ ಏರಿಸಬೇಕೆಂದು ವೈದ್ಯಕೀಯದ ಹುಡುಗ ಒಳಗೇ ನಿರ್ಧರಿಸಿದ್ದ. ಆದರೆ ಅಂಗಳದಲ್ಲಿ ಮೊದಲ ಸರದಿ ನರ್ಸಿಂಗ್ ಹುಡುಗಿಯದು. ಅಡುಗೆಮನೆಯಲ್ಲಿ ಸೊಸೆ ತುಳುವಿನಲ್ಲಿ ಹೇಳಿದ್ದನ್ನು ಅವಳು ಮುಂದಿಟ್ಟಳು: ಮಲ ಹೋಗದೆ ಹಿಂಸೆಯಾಗುತ್ತದೆಂದು ಅಜ್ಜ ರಾತ್ರಿಯ ಮಾತ್ರೆಯನ್ನೇ ಬಿಡುತ್ತಿದ್ದಾರೆ. ಫಾರ್ಮಸಿಯವನು ಔಷಧಿ ಡಬ್ಬಿ ತಡಕಿ ನೋಡಿದ್ದ. ಮಲಬದ್ಧತೆಗೆ ಕೊಡುವ ಬಿಸಾಕೋಡಿಲ್ ಮುಗಿದು ವಾರವಾಗಿತ್ತು. ಮಾರ್ಫಿನ್ ಜೊತೆಗೆ ಮಲ ಸಡಿಲಿಸುವ ಮಾತ್ರೆ ತಪ್ಪಬಾರದೆಂದು ಎಲ್ಲರೂ ಪರೀಕ್ಷೆಯಲ್ಲಿ ಬರೆದವರೇ. ಡೋಸ್ ಏರಿಸಲಿಲ್ಲ, ಆ ಮಾತ್ರೆಯನ್ನು ಮತ್ತೆ ಕೊಟ್ಟೆವು. ಮುಂದಿನ ವಾರ ಹೋದಾಗ ಅಜ್ಜ ನಿದ್ದೆ ಮಾಡಿದ್ದರು. ‘ಸಿಸ್ಟರ್, ನಾನು ಮೊದಲು ಮಾತಾಡಿದ್ದರೆ ಇವರು ಯಾರೂ ಬಾಯಿ ಬಿಡುತ್ತಿರಲಿಲ್ಲ’ ಎಂದು ಆ ಹುಡುಗ ಜೀಪಿನಲ್ಲಿ ತಾನಾಗಿಯೇ ಹೇಳಿದ.

ಕ್ಯಾನ್ಸರ್ ಗಾಯದ ವಾಸನೆ ತಗ್ಗಿಸಲು ಮೆಟ್ರೊನಿಡಝೋಲ್ ಎಂಬ ಮಾತ್ರೆಯನ್ನು ಪುಡಿಮಾಡಿ ಉದುರಿಸುತ್ತೇವೆ. ನಾನು ಆ ಡ್ರೆಸಿಂಗ್ ಕೆಲಸವನ್ನು ಐವರಿಗೂ ಸರದಿಯಲ್ಲಿ ಹಚ್ಚುತ್ತೇನೆ, ಸಮಾಜಕಾರ್ಯದವರನ್ನೂ ಬಿಡುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲೇ ಚರ್ಚೆ ಮುಗಿಸುವ ಪ್ರಯೋಗವನ್ನೂ ಮಾಡಿದೆ, ಅಂಗಳದ ಮಾತಿಗೆ ಅದು ಸಮವಲ್ಲ.

ಖರ್ಚು? ಜೀಪು, ಡೀಸೆಲ್, ಮಧ್ಯಾಹ್ನದ ಗಂಜಿ ಊಟ ಸೇರಿ ದಿನಕ್ಕೆ 2,500 ರೂಪಾಯಿ ಆಸುಪಾಸು. ಕಾಲೇಜುಗಳೊಂದಿಗೆ ಈಗ ಉಳಿದಿರುವ ಜಗಳ ವೇಳಾಪಟ್ಟಿಯದೊಂದೇ. ಭೇಟಿಯ ದಿನವಾದ ಶನಿವಾರ ಐವರನ್ನೂ ಬಿಟ್ಟುಕೊಡದ ಕಾಲೇಜಿನಿಂದ ನಾನು ಒಬ್ಬರನ್ನೂ ತೆಗೆದುಕೊಳ್ಳುವುದಿಲ್ಲ.